ಚಕ್ಕುಬಂದಿಗೆ ಸಿಗದ ನದಿ

ಜಮೀನಿನ ಕ್ರಯಪತ್ರ ಓದಿದವರಿಗೆ ಚಕ್ಕುಬಂದಿ ಗೊತ್ತಿರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಸರ್ಕಾರಿ ಖರಾಬು, ದಕ್ಷಿಣಕ್ಕೆ ಹೊಳೆ. ನಾಲ್ಕು ದಿಕ್ಕಿಗೆ ನಾಲ್ಕು ಗುರುತು ಹೇಳಿದರೆ ನಡುವೆ ಉಳಿದದ್ದು ನಮ್ಮದು. ಪಕ್ಕದ ಹೊಲ ಕೈ ಬದಲಾಗಬಹುದು, ಬಂಡಿದಾರಿ ಡಾಂಬರು ಕಾಣಬಹುದು, ಹೊಳೆ ಮಾತ್ರ ಇದ್ದಲ್ಲೇ ಇರುತ್ತದೆ ಎಂದು ನಾವು ನಂಬಿದ್ದೇವೆ.

ನಮ್ಮ ನಾಡಿನಲ್ಲಿ ಈ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಹಂಪಿಯಲ್ಲಿ ತುಂಗಭದ್ರೆ ಗ್ರಾನೈಟ್ ಬಂಡೆಗಳ ಸಂದಿಯಲ್ಲಿ ಹರಿಯುತ್ತಾಳೆ. ವಿಜಯನಗರದವರು ದಡದಲ್ಲಿ ಎಬ್ಬಿಸಿದ ಮಂಟಪಗಳು ಇಂದಿಗೂ ದಡದಲ್ಲೇ ಇವೆ. ಬಂಡೆ ಕೊರೆದು ದಾರಿ ಮಾಡಿಕೊಂಡ ನದಿಗೆ ಪಕ್ಕಕ್ಕೆ ಹೊರಳುವುದು ಸುಲಭವಲ್ಲ. ಅಪರೂಪಕ್ಕೆ ನದಿ ಹೊರಳಿದ ಕಡೆ ಜನ ಅದನ್ನು ಶಾಪ ಎಂದು ನೆನಪಿಟ್ಟುಕೊಂಡಿದ್ದಾರೆ. ಅಲಮೇಲಮ್ಮನ ಕಥೆಯಲ್ಲಿ ಕಾವೇರಿಯ ಒಂದು ದಡದ ತಲಕಾಡು ಮರಳಿನಲ್ಲಿ ಹೂತುಹೋಗುತ್ತದೆ, ಎದುರು ದಡದ ಮಾಲಂಗಿ ನೀರಿನ ಪಾಲಾಗುತ್ತದೆ. ತಲಕಾಡಿನ ಮರಳು ಗುಡ್ಡೆಯಾಗಿದ್ದರಲ್ಲಿ ಗಾಳಿಯ ಪಾಲೂ ಇದೆ. ಆದರೂ ಆ ಕಥೆ ಹೇಳುವುದು ಎಲ್ಲ ಡೊಂಕು ನದಿಗಳ ಸ್ವಭಾವವನ್ನೇ: ತಿರುವಿನ ಒಳಮೈಗೆ ಮರಳು, ಹೊರಮೈಗೆ ಕೊರೆತ.

ಬಿಹಾರದಲ್ಲಿ ಚಕ್ಕುಬಂದಿಗೆ ಚೌಹದ್ದಿ ಎನ್ನುತ್ತಾರೆ. ಅವೇ ನಾಲ್ಕು ದಿಕ್ಕು, ಅವೇ ನಾಲ್ಕು ಖಾನೆ. ಆದರೆ ಸುಪೌಲ್, ಸಹರ್ಸಾ, ಮಧೇಪುರಾ ಜಿಲ್ಲೆಗಳ ಎಷ್ಟೋ ರೈತರಿಗೆ ಆ ಖಾನೆ ತುಂಬುವುದೇ ಕಷ್ಟ. ಅಜ್ಜನ ಕಾಲಕ್ಕೆ ಹೊಲದ ಪಶ್ಚಿಮಕ್ಕಿದ್ದ ನದಿ ಅಪ್ಪನ ಕಾಲಕ್ಕೆ ಹೊಲದ ಮೇಲೇ ಹರಿದಿರುತ್ತದೆ, ಮಗನ ಕಾಲಕ್ಕೆ ಪೂರ್ವಕ್ಕೆ ಹೋಗಿರುತ್ತದೆ. ಆ ನದಿಯ ಹೆಸರು ಕೋಸಿ. ನದಿ ಜಾಗ ಬದಲಿಸಿದರೆ ದಡದ ಬೇಸಾಯಗಾರರ ಬದುಕು ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಪಾಠಶಾಲೆ ನಮ್ಮ ದೇಶದಲ್ಲಿ ನನಗೆ ಕಂಡಿಲ್ಲ.

ನೇಪಾಳದಲ್ಲಿ ಇದನ್ನು ಸಪ್ತಕೋಸಿ ಎನ್ನುತ್ತಾರೆ. ಇಂದ್ರಾವತಿ, ಸುನ್‌ಕೋಸಿ, ತಾಮಾಕೋಸಿ, ಲಿಖು, ದೂಧ್‌ಕೋಸಿ, ಅರುಣ್, ತಮೋರ್ ಎಂಬ ಏಳು ನದಿಗಳು ಕೂಡಿ ಆದದ್ದು. ಎವರೆಸ್ಟಿನ ಹಿಮ ಕರಗಿದ ನೀರೂ ಕಾಂಚನಜುಂಗಾದ ನೀರೂ ಇದರಲ್ಲಿವೆ. ಅರುಣ್ ಅಂತೂ ಟಿಬೆಟ್ಟಿನಲ್ಲಿ ಹುಟ್ಟಿ ಹಿಮಾಲಯವನ್ನೇ ಸೀಳಿಕೊಂಡು ಬರುತ್ತದೆ. ಹಿಮಾಲಯ ಇನ್ನೂ ಏಳುತ್ತಿರುವ ಎಳೆಯ ಪರ್ವತ. ಭೂಕಂಪಕ್ಕೂ ಮಳೆಗೂ ಸಡಿಲಗೊಂಡು ಕುಸಿಯುತ್ತಲೇ ಇರುತ್ತದೆ. ಕುಸಿದದ್ದನ್ನೆಲ್ಲ ನದಿ ಹೊತ್ತು ತರುತ್ತದೆ, ವರ್ಷಕ್ಕೆ ಸುಮಾರು 10 ಕೋಟಿ ಟನ್. ಛತರಾ ಎಂಬಲ್ಲಿ ಅದು ಕಣಿವೆಯಿಂದ ಬಯಲಿಗೆ ಕಾಲಿಡುತ್ತದೆ. ಅಲ್ಲಿಯವರೆಗೆ ಧುಮುಕುತ್ತ ಬಂದ ನೀರಿಗೆ ಇಲ್ಲಿ ಕಿಲೋಮೀಟರಿಗೆ ಒಂದು ಮೀಟರಿನಷ್ಟೂ ಇಳಿಜಾರು ಸಿಗುವುದಿಲ್ಲ. ಗಂಗೆ ಹತ್ತಿರವಾದಂತೆ ಅದು ಕೆಲವೇ ಸೆಂಟಿಮೀಟರಿಗೆ ಬರುತ್ತದೆ. ಓಟ ನಿಂತಲ್ಲಿ ಹೊರೆ ಇಳಿಯಲೇಬೇಕು.

ಗದ್ದೆಗೆ ನೀರು ಕಟ್ಟಿದವರಿಗೆ ಮುಂದಿನದನ್ನು ಹೆಚ್ಚು ವಿವರಿಸಬೇಕಿಲ್ಲ. ಕಾಲುವೆಯ ಹೂಳು ತೆಗೆಯದೆ ಎರಡು ವರ್ಷ ಬಿಡಿ. ತಳ ಮೇಲೇರುತ್ತದೆ, ಉಕ್ಕಿದ ನೀರು ಅಂಚಿನಲ್ಲಿ ಮಣ್ಣು ಬಿಟ್ಟು ಅಂಚೂ ಎತ್ತರವಾಗುತ್ತದೆ, ಕಡೆಗೆ ಕಾಲುವೆ ಸುತ್ತಲ ಗದ್ದೆಗಿಂತ ಮೇಲೆ ನಿಲ್ಲುತ್ತದೆ. ಆಮೇಲೆ ಒಂದು ಏಡಿಬಿಲ ಸಾಕು. ಬದು ಒಡೆದು ನೀರು ತಗ್ಗಿಗೆ ನುಗ್ಗುತ್ತದೆ, ಹಳೆಯ ಕಾಲುವೆ ಒಣಗುತ್ತದೆ. ಕೋಸಿಯಲ್ಲಿ ನಡೆಯುವುದೂ ಇದೇ. ನದಿಗೆ ಮುಂದಕ್ಕೆ ಇರುವ ಇಳಿಜಾರಿಗಿಂತ ಪಕ್ಕಕ್ಕೆ ಇರುವ ಇಳಿಜಾರು ಹೆಚ್ಚಾದಾಗ ಅದು ಹಳೆಯ ಪಾತ್ರ ಬಿಡಲು ಸಿದ್ಧವಾದಂತೆ. ಇದನ್ನು ಪಾತ್ರಪಲ್ಲಟ ಎಂದು ಕರೆಯೋಣ. ದಡವನ್ನು ದಿನವೂ ಒಂದಿಷ್ಟು ತಿನ್ನುತ್ತ ನದಿ ಮೆಲ್ಲಗೆ ಸರಿಯುವುದು ಬೇರೆ. ಒಂದೇ ಮಳೆಗಾಲದಲ್ಲಿ ಇಡೀ ನದಿ ಎದ್ದು ಇನ್ನೊಂದು ಕಡೆ ಹೋಗುವುದು ಬೇರೆ. ಕೋಸಿಗೆ ಎರಡೂ ಅಭ್ಯಾಸಗಳಿವೆ.

ಹೀಗೆ ಸಾವಿರಾರು ವರ್ಷ ಅತ್ತಿತ್ತ ಹೊರಳುತ್ತ ಹೂಳು ಹಾಸಿದ್ದರಿಂದ ಛತರಾದಿಂದ ಗಂಗೆಯವರೆಗೆ ಬಿಚ್ಚಿದ ಬೀಸಣಿಗೆಯ ಆಕಾರದ ನೆಲವಾಗಿದೆ. 10,000 ಚದರ ಕಿಲೋಮೀಟರಿಗೂ ಮಿಗಿಲಾದ ಆ ನೆಲವನ್ನು ಹಾಸಿದ್ದು ಕೋಸಿಯೇ. 18ನೇ ಶತಮಾನದ ಮೊದಲ ಭಾಗದಲ್ಲಿ ನದಿ ಪೂರ್ವದ ಪೂರ್ಣಿಯಾ ಪಟ್ಟಣದ ಬಳಿ ಹರಿಯುತ್ತಿತ್ತು. 20ನೇ ಶತಮಾನದ ನಡುವಿಗೆ ಅದು ನೂರು ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಬಂದಿತ್ತು. ನಮ್ಮ ಲೆಕ್ಕಕ್ಕೆ ತರುವುದಾದರೆ, ಮಂಡ್ಯದ ಬಳಿಯ ಹೊಳೆ ಬೆಂಗಳೂರಿಗೆ ಬಂದಂತೆ. ಶಿಲ್ಲಿಂಗ್‌ಫರ್ಡ್ ಎಂಬಾತ ಈ ಪಲ್ಲಟಗಳನ್ನೂ ಅವುಗಳಿಂದ ಆಗಬಹುದಾದ ಅಪಾಯವನ್ನೂ ಕುರಿತು 1895ರಲ್ಲೇ ಬರೆದಿದ್ದ. ಬಹುಕಾಲ ಎಲ್ಲರೂ ಕೋಸಿ ಪಶ್ಚಿಮಕ್ಕೆ ಮಾತ್ರ ಸರಿಯುವ ನದಿ ಎಂದುಕೊಂಡಿದ್ದರು. ಹಳೆಯ ನಕ್ಷೆಗಳನ್ನು ಮತ್ತೆ ಹರವಿಕೊಂಡು ನೋಡಿದ ಇತ್ತೀಚಿನ ಭೂವಿಜ್ಞಾನಿಗಳು, ಅದು ಒಂದೇ ದಿಕ್ಕಿನ ನಡಿಗೆಯಲ್ಲ, ಹಿಂದೆ ಮುಂದೆ ಹೊಯ್ದಾಡಿದ ನಡಿಗೆ ಎಂದು ತೋರಿಸಿದ್ದಾರೆ. ರೈತನಿಗೆ ಈ ವ್ಯತ್ಯಾಸ ದೊಡ್ಡದು. ನದಿ ನನ್ನ ಊರು ದಾಟಿ ಹೋಯಿತು, ಇನ್ನು ಬಾರದು ಎಂದು ಯಾರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ನದಿ ಬಿಟ್ಟುಹೋದ ದಾರಿಗಳಿಗೆ ಅಲ್ಲಿನವರು ‘ಧಾರ್’ ಎನ್ನುತ್ತಾರೆ. ಪೂರ್ಣಿಯಾ ಕಡೆಯ ಕಾರಿ ಕೋಸಿ ಅಂಥದ್ದೊಂದು ಹಳೆಯ ದಾರಿ. ಬೇಸಗೆಯಲ್ಲಿ ನೋಡಿದರೆ ಧಾರ್ ಅಂದರೆ ಅಲ್ಲಲ್ಲಿ ನೀರು ನಿಂತ ತಗ್ಗು, ಅಷ್ಟೆ. ಆದರೆ ಸತ್ತಂತೆ ಕಾಣುವ ಈ ದಾರಿಗಳು ನದಿಗೆ ಮರೆತಿರುವುದಿಲ್ಲ.

ಇನ್ನು ಮರಳಿನ ವಿಷಯ. ನೆರೆ ಎಂದರೆ ನಮಗೆ ಮೊದಲು ನೆನಪಾಗುವುದು ನೀರು. ಕೋಸಿಯ ರೈತನನ್ನು ಕೇಳಿದರೆ ನೀರಿಗಿಂತ ಹೆಚ್ಚಾಗಿ ನೀರು ಬಿಟ್ಟುಹೋಗುವುದರ ಮಾತು ಬರುತ್ತದೆ. ನೀರಿನ ವೇಗ ಕುಂದಿದಾಗ ಮೊದಲು ಬೀಳುವುದು ದಪ್ಪ ಮರಳು, ಆಮೇಲೆ ನಯ ಮರಳು, ಆಮೇಲೆ ಹೂಳು, ಎಲ್ಲಕ್ಕಿಂತ ಕೊನೆಗೆ, ನೀರು ಅಲ್ಲಾಡದೆ ನಿಂತ ತಗ್ಗಿನಲ್ಲಿ, ಜೇಡಿ. ಮೊರದಲ್ಲಿ ಕೇರಿದಾಗ ಗಟ್ಟಿಕಾಳು ಹತ್ತಿರ ಉಳಿದು ಹೊಟ್ಟು ದೂರ ಹೋಗುವಂತೆಯೇ ನದಿಯೂ ಮಣ್ಣನ್ನು ಕೇರುತ್ತದೆ. ಹಾಗಾಗಿ ಒಂದೇ ನೆರೆ ಒಂದೇ ದಿನ ಒಬ್ಬ ರೈತನನ್ನು ಹಾಳು ಮಾಡುತ್ತದೆ, ಐದಾರು ಮೈಲಿ ಆಚೆಯವನಿಗೆ ಮೂರು ಬೆಳೆಗಾಗುವಷ್ಟು ಮೆಕ್ಕಲು ಕೊಡುತ್ತದೆ. ನದಿ ಒಡೆದು ನುಗ್ಗಿದ ಬಾಯಿಯ ಹತ್ತಿರ ಇದ್ದವರ ಹೊಲದಲ್ಲಿ ಬೆಳ್ಳನೆಯ ಮರಳು ಆಳೆತ್ತರ ಬಿದ್ದಿರುತ್ತದೆ. ಬದು ಕಾಣುವುದಿಲ್ಲ, ಮಾವಿನ ಮರದ ಬುಡ ಕಾಣುವುದಿಲ್ಲ. ನೀರು ಇಂಗಿ ಹೋಗುತ್ತದೆ, ಗೊಬ್ಬರ ತೊಳೆದು ಹೋಗುತ್ತದೆ. ಇಂಥ ನೆಲದಲ್ಲಿ ಮೊದಲು ಬರುವುದು ಕಾಸ, ಶರದೃತುವಿನಲ್ಲಿ ಬೆಳ್ಳಗೆ ಹೂ ಬಿಡುವ ಹುಲ್ಲು. ತೇವ ಉಳಿದ ಕಡೆ ಪಟೇರ್ ಎಂಬ ಆಪು ಹುಲ್ಲು. ಅವುಗಳ ಬೇರು ಮರಳನ್ನು ಹಿಡಿದು, ಎಲೆ ಕೊಳೆತು, ಮುಂದಿನ ನೆರೆಗಳ ಹೂಳು ಅದರ ಮೇಲೆ ಪದರವಾಗಿ ಕೂತು, ನೇಗಿಲು ಹಿಡಿಯುವಂಥ ನೆಲವಾಗಲು ದಶಕಗಳು ಬೇಕು. ಕೆಲವೊಮ್ಮೆ ಒಂದು ತಲೆಮಾರು ಸಾಲದು.

ಹೀಗೆ ಪಾಳು ಬಿದ್ದ ನೆಲವನ್ನು ಆ ಸೀಮೆಯಲ್ಲಿ ಪರತಿ ಎನ್ನುತ್ತಾರೆ. ಫಣೀಶ್ವರನಾಥ ರೇಣು ಹುಟ್ಟಿದ್ದು ಆಗಿನ ಪೂರ್ಣಿಯಾ ಜಿಲ್ಲೆಯ ಹಳ್ಳಿಯಲ್ಲಿ, 1921ರಲ್ಲಿ. 1957ರಲ್ಲಿ ಬಂದ ಅವರ ಕಾದಂಬರಿಯ ಹೆಸರೇ ‘ಪರತೀ ಪರಿಕಥಾ’. ಒಂದು ಭಾಷೆಯ ದೊಡ್ಡ ಲೇಖಕ ಪಾಳು ನೆಲವನ್ನೇ ಕಥಾವಸ್ತು ಮಾಡಿಕೊಳ್ಳಬೇಕಾದರೆ ಆ ನೆಲ ಎಷ್ಟು ಜನರ ಎದೆಯ ಮೇಲೆ ಬಿದ್ದಿದ್ದಿರಬೇಕು!

ಹಾಗೆಂದು ಅಲ್ಲಿನವರು ಕೈಕಟ್ಟಿ ಕೂತವರಲ್ಲ. ಮರಳಿನಲ್ಲಿ ಗುಂಡಿ ತೋಡಿ, ಗುಂಡಿಗಿಷ್ಟು ಕೊಟ್ಟಿಗೆ ಗೊಬ್ಬರ ತುಂಬಿ, ಕಲ್ಲಂಗಡಿ, ಸೌತೆ, ಪರವಲ್ ಬಳ್ಳಿ ಹಬ್ಬಿಸುತ್ತಾರೆ. ಬೇರು ಮರಳಿನಡಿಯ ತೇವ ಹುಡುಕಿಕೊಂಡು ಹೋಗುತ್ತದೆ. ಮಳೆಗಾಲ ಬರುವುದರೊಳಗೆ ಫಸಲು ಕೈಗೆ ಬರುತ್ತದೆ. ಮೆಕ್ಕಲು ಬಿದ್ದ ಕಡೆ ನೀರಿಳಿದ ಕೂಡಲೇ ಗೋಧಿ, ಚಳಿಗಾಲದ ಮೆಕ್ಕೆಜೋಳ, ಬೇಸಗೆಗೆ ಹೆಸರು. ಪೂರ್ಣಿಯಾದ ಗುಲಾಬ್‌ಬಾಗ್ ಮಂಡಿ ಇಂದು ದೇಶದ ದೊಡ್ಡ ಮೆಕ್ಕೆಜೋಳ ಮಾರುಕಟ್ಟೆಗಳಲ್ಲೊಂದು. ಹಳೆಯ ಧಾರ್‌ಗಳಲ್ಲಿ, ಚೌರ್ ಎನ್ನುವ ತಗ್ಗು ಜವುಗಿನಲ್ಲಿ ಮಖಾನಾ ಬೆಳೆಯುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಈಗ ಹುರಿದ ಮಖಾನಾ ಪೊಟ್ಟಣ ಧಾರಾಳ ಸಿಗುತ್ತದೆ. ಮುಳ್ಳೆಲೆಗಳ ನಡುವೆ ಕೊಳದ ತಳಕ್ಕೆ ಮುಳುಗಿ, ಕೆಸರು ಕೆದಕಿ ಆ ಬೀಜ ಎತ್ತುವವರು ಮಲ್ಲಾಹರೆಂಬ ಅಂಬಿಗರು. 2022ರಲ್ಲಿ ಮಿಥಿಲಾ ಮಖಾನಾಕ್ಕೆ ಭೌಗೋಳಿಕ ಗುರುತು ಸಿಕ್ಕಿತು.

ನೆರೆಯ ನೀರಿಗೇ ಒಗ್ಗಿದ ಭತ್ತವೂ ಇತ್ತು. ದೇಸರಿಯಾ ಎಂಬುದು ಉತ್ತರ ಬಿಹಾರದ ಹಳೆಯ ಆಳನೀರಿನ ಭತ್ತ. ಇಂಥ ಭತ್ತ ನೀರು ಏರಿದಂತೆ ತಾನೂ ಏರುತ್ತದೆ. ಕೆಲವು ತಳಿಗಳು ಒಂದು ದಿನಕ್ಕೆ ಒಂದು ಗೇಣು ಬೆಳೆದದ್ದುಂಟು. ಮುಳುಗಿದ ದಂಟಿನೊಳಗೆ ಎಥಿಲೀನ್ ಅನಿಲ ಹೊರಹೋಗಲಾರದೆ ಶೇಖರವಾಗುತ್ತದೆ, ಅದೇ ಬೆಳೆಯಲು ಸೂಚನೆ. ಆ ಸೂಚನೆಯನ್ನು ಓದುವ ‘ಸ್ನಾರ್ಕೆಲ್’ ಜೀನ್‌ಗಳನ್ನು ಜಪಾನಿನ ವಿಜ್ಞಾನಿಗಳು 2009ರಲ್ಲಿ ಗುರುತಿಸಿದರು. ನಮ್ಮ ಮಲೆನಾಡಿನ ನೆರೆ ಗದ್ದೆಗಳ ನೆರೆಗುಳಿಯೂ, ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರು ತಡೆದು ನಿಲ್ಲುವ ಕಗ್ಗವೂ ಇದೇ ಬಗೆಯ ವಿವೇಕದ ಬೆಳೆಗಳು. ಬೀಜವನ್ನು ಆರಿಸಿ ಆರಿಸಿ ಇಟ್ಟುಕೊಂಡು ಬಂದ ಹೆಂಗಸರ ಕೈಯಲ್ಲಿ ನೂರಾರು ವರ್ಷದ ನೆರೆಗಳ ಲೆಕ್ಕವಿತ್ತು ಎಂದು ನಾನು ತಿಳಿದಿದ್ದೇನೆ.

ಮನೆಯೂ ಹಾಗೆಯೇ. ಬಿದಿರಿನ ತಟ್ಟಿ, ಹುಲ್ಲಿನ ಅಥವಾ ತಗಡಿನ ಮಾಡು. ದಡ ಕುಸಿಯತೊಡಗಿದರೆ (ಅವರ ಮಾತಿನಲ್ಲಿ ಇದು ‘ಕಟಾವ್’) ಮನೆಯನ್ನು ಬಿಚ್ಚಿ ದೋಣಿಗೆ ಹೇರಿಕೊಂಡು ಹೋಗಬಹುದು. ಇಟ್ಟಿಗೆಯ ಮನೆಯನ್ನು ಹಾಗೆ ಹೊತ್ತೊಯ್ಯಲಾಗದು. ಬಡತನ ಎಂದು ನಮಗೆ ಕಾಣುವುದರಲ್ಲಿ ಒಂದಿಷ್ಟು ಬಡತನವೇ ಹೌದು, ಉಳಿದದ್ದು ನದಿಯ ಪರಿಚಯ.

ಬಿಚ್ಚಿ ಒಯ್ಯಲು ಬಾರದ ಆಸ್ತಿಯೆಂದರೆ ಹೊಲ. ನದಿ ಹೊಲ ನುಂಗಿದರೆ ಅದು ಯಾರದ್ದು? ಹತ್ತು ವರ್ಷದ ಮೇಲೆ ಉಗುಳಿದರೆ ಯಾರದ್ದು? ಈ ಪ್ರಶ್ನೆಗೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ 1825ರಲ್ಲಿ ಬಂಗಾಳಕ್ಕೆ ಒಂದು ಕಾನೂನನ್ನೇ ಮಾಡಿತು. ಆಗ ಬಿಹಾರವೂ ಬಂಗಾಳದ ಆಡಳಿತದಲ್ಲಿತ್ತು. ಆ ಕಾನೂನಿನ ತಿರುಳು ಹೀಗೆ: ನದಿ ಮೆಲ್ಲಮೆಲ್ಲಗೆ ಸರಿದು ದಡಕ್ಕೆ ಹೊಸ ಮಣ್ಣು ಸೇರಿದರೆ ಅದು ಪಕ್ಕದ ಜಮೀನಿನವನಿಗೆ. ನದಿ ಥಟ್ಟನೆ ದಾರಿ ಬದಲಿಸಿ ಗುರುತು ಹಿಡಿಯಬಹುದಾದ ಜಮೀನನ್ನು ಆಚೆ ದಡಕ್ಕೆ ಹಾಕಿದರೆ ಅದು ಮೊದಲಿನವನದ್ದೇ. ಓದಲು ನ್ಯಾಯವಾಗಿಯೇ ಇದೆ. ಆದರೆ ಯಾವುದು ಮೆಲ್ಲಗೆ, ಯಾವುದು ಥಟ್ಟನೆ? ಆರು ವರ್ಷ ನೀರಿನಡಿ ಇದ್ದು ಹೊಸ ಮರಳು ಹೊದ್ದು ಮೇಲೆದ್ದ ಹೊಲವನ್ನು ಗುರುತು ಹಿಡಿಯುವುದು ಹೇಗೆ? ಬದು ಇಲ್ಲ, ಬೇಲಿ ಇಲ್ಲ, ಚೌಹದ್ದಿಯ ನಾಲ್ಕು ಗುರುತುಗಳಲ್ಲಿ ಒಂದೂ ಇಲ್ಲ. ಇಂಥ ಕಡೆ ಲಾಠಿ ಉಳ್ಳವನ ಮಾತು ನಡೆಯುತ್ತದೆ. ಗಂಗೆ, ಕೋಸಿ ಬಯಲಿನಲ್ಲಿ ಹೊಸದಾಗಿ ಎದ್ದ ದಿಯಾರಾ ಭೂಮಿಗೆ ನಡೆದ ಹೊಡೆದಾಟಗಳ ಹಿಂದೆ ಇರುವುದು ಈ ಅಸ್ಪಷ್ಟತೆಯೇ. ನೀರಿನಡಿ ಇರುವ ಹೊಲಕ್ಕೂ ಲಗಾನ್, ಅಂದರೆ ಕಂದಾಯ, ಕಟ್ಟಿದ ರೈತರಿದ್ದಾರೆ. ರಸೀದಿ ಕೈತಪ್ಪಿದರೆ ಹೊಲವೂ ತಪ್ಪೀತು ಎಂಬ ಭಯ.

ಇಂಥ ನದಿಯನ್ನು ಒಂದು ಕಡೆ ನಿಲ್ಲಿಸಿಬಿಡೋಣ ಎಂಬ ಆಸೆ ಹುಟ್ಟಿದ್ದು ಸಹಜ. 1954ರ ಏಪ್ರಿಲ್ 25ರಂದು ಭಾರತ, ನೇಪಾಳ ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಹಿರಿಯ ಎಂಜಿನಿಯರುಗಳಾದ ಕನ್ವರ್ ಸೇನ್ ಮತ್ತು ಕೆ. ಎಲ್. ರಾವ್ ಚೀನಾಕ್ಕೆ ಹೋಗಿ ಹಳದಿ ನದಿಯ ಒಡ್ಡುಗಳನ್ನು ನೋಡಿಬಂದರು, ಕೋಸಿಗೂ ಒಡ್ಡು ಕಟ್ಟಬಹುದೆಂದರು. 1955ರ ಜನವರಿಯಲ್ಲಿ ಕೆಲಸ ಶುರುವಾಯಿತು. ಎರಡೂ ಕಡೆ ನೂರು ನೂರು ಕಿಲೋಮೀಟರಿಗೂ ಉದ್ದ ‘ತಟಬಂಧ’ ಎದ್ದವು, 1963ರ ಹೊತ್ತಿಗೆ ಭೀಮನಗರದ ಬಳಿ ಬ್ಯಾರೇಜೂ ಮುಗಿಯಿತು. ಒಳ್ಳೆಯ ಉದ್ದೇಶದಿಂದ, ಸಾವಿರಾರು ಜನರ ಶ್ರಮದಾನದಿಂದ ಕಟ್ಟಿದ್ದು. ಒಡ್ಡಿನ ಹೊರಗಿನ ಜನ ನೆಮ್ಮದಿಯ ಉಸಿರುಬಿಟ್ಟದ್ದೂ ನಿಜ.

ಆದರೆ ಒಡ್ಡು ನೀರನ್ನು ತಡೆಯಬಲ್ಲದು, ಹಿಮಾಲಯ ಕುಸಿಯುವುದನ್ನು ತಡೆಯಲಾರದು. ಹಿಂದೆ ಇಡೀ ಬೀಸಣಿಗೆಯ ಮೇಲೆ ಹರಡುತ್ತಿದ್ದ ಹೂಳು ಈಗ ಎರಡು ಒಡ್ಡುಗಳ ನಡುವಿನ ಓಣಿಯಲ್ಲೇ ಬೀಳತೊಡಗಿತು. ತಳ ಏರಿತು. ಹಳದಿ ನದಿಯಲ್ಲೂ ಆದದ್ದು ಅದೇ: ಕೈಫೆಂಗ್ ನಗರದ ಬಳಿ ಅದರ ತಳ ಊರಿನ ನೆಲಕ್ಕಿಂತ ಹಲವು ಮೀಟರ್ ಮೇಲಿದೆ. ಇತ್ತ ಒಡ್ಡಿನ ಹೊರಗೆ, ಮಳೆ ನೀರಿಗೂ ಸಣ್ಣ ಹೊಳೆಗಳಿಗೂ ಕೋಸಿ ಸೇರಲು ದಾರಿಯಿಲ್ಲದೆ ಹೊಲಗಳು ಜವುಗಾದವು. ಮುನ್ನೂರಕ್ಕೂ ಹೆಚ್ಚು ಹಳ್ಳಿಗಳು ಒಡ್ಡುಗಳ ಒಳಗೇ ಉಳಿದುಬಿಟ್ಟವು. ಅವರಿಗೆ ಹೊರಗೆ ಮನೆಕಟ್ಟಲು ಜಾಗ ಕೊಡುವ ಮಾತಾಯಿತು. ಹೊಲ ಮಾತ್ರ ಒಳಗೇ. ಹೊಲ ಬಿಟ್ಟು ರೈತ ಎಷ್ಟು ದಿನ ಹೊರಗೆ ಇದ್ದಾನು? ಎಷ್ಟೋ ಜನ ವಾಪಸು ಹೋದರು. ಇವತ್ತೂ ಲಕ್ಷಗಟ್ಟಲೆ ಜನ ಎರಡು ಒಡ್ಡುಗಳ ನಡುವೆ, ನದಿಯ ಜೊತೆ ಅದೇ ಓಣಿಯಲ್ಲಿ ಬದುಕುತ್ತಿದ್ದಾರೆ. ಇದೇ ವಿಷಯದ ಮೇಲೆ ಆಯುಷ್ಯವನ್ನೇ ಕಳೆದ ಎಂಜಿನಿಯರ್ ದಿನೇಶ್ ಕುಮಾರ್ ಮಿಶ್ರ ಬರೆದ ಪುಸ್ತಕಕ್ಕೆ ಬೀಸುಕಲ್ಲಿನ ಎರಡು ಹೋಳುಗಳ ನಡುವೆ ಎಂಬರ್ಥದ ಹೆಸರಿದೆ. ಬಿಹಾರದಲ್ಲಿ 1954ರ ಸುಮಾರಿಗೆ 160 ಕಿಲೋಮೀಟರ್ ಒಡ್ಡು ಇದ್ದಾಗ ನೆರೆಪೀಡಿತ ಎಂದು ಲೆಕ್ಕಹಾಕಿದ ನೆಲ 25 ಲಕ್ಷ ಹೆಕ್ಟೇರ್. ಒಡ್ಡುಗಳ ಉದ್ದ 3,000 ಕಿಲೋಮೀಟರ್ ದಾಟಿದ ಮೇಲೆ ಅದು 68 ಲಕ್ಷ ಹೆಕ್ಟೇರಿಗೂ ಹೆಚ್ಚು. ಇದಕ್ಕೆ ಒಡ್ಡೊಂದೇ ಕಾರಣ ಎನ್ನಲಾಗದು. ಆದರೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ, ಬ್ಯಾರೇಜಿಗಿಂತ ಸುಮಾರು 12 ಕಿಲೋಮೀಟರ್ ಮೇಲೆ, ಪೂರ್ವದ ಒಡ್ಡು ಒಡೆಯಿತು. ಆ ದಿನ ಮಹಾಪೂರವೇನೂ ಇರಲಿಲ್ಲ. ಬ್ಯಾರೇಜಿನ ವಿನ್ಯಾಸ ಸುಮಾರು ಒಂಬತ್ತೂವರೆ ಲಕ್ಷ ಕ್ಯೂಸೆಕ್‌ಗೆ; ನದಿಯಲ್ಲಿದ್ದದ್ದು ಸುಮಾರು ಒಂದೂವರೆ ಲಕ್ಷ. ಹೆಚ್ಚಾಗಿದ್ದದ್ದು ನೀರಲ್ಲ, ತಳದ ಎತ್ತರ. ಒಡ್ಡಿನಾಚೆಯ ನೆಲ ಆ ತಳಕ್ಕಿಂತ ಕೆಲವು ಮೀಟರ್ ತಗ್ಗಿನಲ್ಲಿತ್ತು. ಒಡ್ಡಿಗೆ ಒರಗಿಕೊಂಡು ಹರಿಯುತ್ತಿದ್ದ ನದಿ ಅದನ್ನು ಕೊರೆದು ಹೊರಬಂದು, ಹೆಚ್ಚುಕಡಿಮೆ ಇಡಿಯಾಗಿ, ತನ್ನ ಹಳೆಯ ಧಾರ್‌ಗಳನ್ನು ಹಿಡಿದು ಪೂರ್ವಕ್ಕೆ ಹೋಯಿತು. ಸುಪೌಲ್, ಮಧೇಪುರಾ, ಸಹರ್ಸಾ, ಅರರಿಯಾ, ಪೂರ್ಣಿಯಾ ಜಿಲ್ಲೆಗಳ 30 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು.

ಇಲ್ಲಿ ನಾನು ಮತ್ತೆ ಮತ್ತೆ ಯೋಚಿಸುವ ಒಂದು ಸಂಗತಿಯಿದೆ. ಆ ವರ್ಷ ಮುಳುಗಿದ್ದು ಒಡ್ಡಿನ ಹೊರಗಿನ, ಐವತ್ತು ವರ್ಷದಿಂದ ಕೋಸಿಯನ್ನು ಕಾಣದ ಊರುಗಳು. ಒಳಗಿನವರ ಬಳಿ ದೋಣಿಯಿತ್ತು, ಬಿಚ್ಚಿ ಒಯ್ಯುವ ಮನೆಯಿತ್ತು, ಜಾನುವಾರುಗಳನ್ನು ಯಾವ ದಿಬ್ಬಕ್ಕೆ ಹೊಡೆಯಬೇಕೆಂದು ಮಕ್ಕಳಿಗೂ ಗೊತ್ತಿತ್ತು. ಹೊರಗಿನವರಿಗೆ ಎರಡು ತಲೆಮಾರು ನದಿಯಿಲ್ಲದೆ ಕಳೆದಿತ್ತು. ಆಳನೀರಿನ ಭತ್ತದ ಬೀಜ ಹೋಗಿತ್ತು, ಅಂಬಿಗರು ಬೇರೆ ಕಸುಬು ಹಿಡಿದಿದ್ದರು, ಹಳೆಯ ಧಾರ್‌ಗಳ ಮೇಲೆ ಮನೆ, ರಸ್ತೆ ಎದ್ದಿದ್ದವು. ದೋಣಿಗಳನ್ನು ಹೊರಗಿನಿಂದ ತರಿಸಬೇಕಾಯಿತು. ಒಡ್ಡು ಮುರಿದಾಗ ನೀರು ನುಗ್ಗಿದ್ದು ನದಿಯನ್ನು ಮರೆತ ಊರುಗಳಿಗೆ, ಆ ಮರೆವನ್ನು ಕೊಟ್ಟದ್ದೂ ಅದೇ ಒಡ್ಡು.

2009ರ ಆರಂಭದಲ್ಲಿ ಒಡ್ಡಿನ ಒಡಕು ಮುಚ್ಚಿ ನದಿಯನ್ನು ಮತ್ತೆ ಒಡ್ಡುಗಳ ನಡುವೆ ತಂದರು. ಹಿಂದೆ ಉಳಿದದ್ದು ಮರಳು.

ಮರಳು ಬಿದ್ದ ಮೇಲೆ ಜನ ಊರು ಬಿಡುತ್ತಾರೆ. ಇದು ಹೊಸದಲ್ಲ. ದೇಶದ ಮೊದಲ ಗರೀಬ್‌ರಥ ರೈಲು 2006ರಲ್ಲಿ ಓಡಿದ್ದು ಸಹರ್ಸಾದಿಂದ ಅಮೃತಸರಕ್ಕೆ. ಕೋಸಿಯ ರೈತರು ಪಂಜಾಬಿನ ಗದ್ದೆಗಳಲ್ಲಿ ಕೂಲಿಗಳಾಗಿ ಭತ್ತ ನೆಡುವುದು ಅದಕ್ಕೂ ಮುಂಚಿನಿಂದ ನಡೆದಿತ್ತು. ಈಗ ಅವರ ಮಕ್ಕಳು ಬೆಂಗಳೂರಿಗೂ ಬರುತ್ತಾರೆ. ನಮ್ಮ ಊರಿನ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಕಟ್ಟುವ, ಕಾಂಕ್ರೀಟ್ ಸುರಿಯುವ ಬಿಹಾರದ ಹುಡುಗರಲ್ಲಿ ಕೋಸಿ ಸೀಮೆಯವರೂ ಇದ್ದಾರೆ. ಊರಲ್ಲಿ ಹೆಂಗಸರು ಬೇಸಾಯ ನಡೆಸುತ್ತಾರೆ, ದೋಣಿಗೆ ಕಾಯುತ್ತಾರೆ, ಲಗಾನ್ ರಸೀದಿಗಳನ್ನು ಜೋಪಾನ ಮಾಡುತ್ತಾರೆ. ನದಿ ದೂರ ಮಾಡಿದ್ದು ಊರುಗಳನ್ನೂ ಕೂಡ: ನಿರ್ಮಲಿಯ ಬಳಿಯ ರೈಲು ಸೇತುವೆ 1934ರಲ್ಲಿ ಹೋದ ಮೇಲೆ, 22 ಕಿಲೋಮೀಟರ್ ಆಚೆಯ ಊರಿಗೆ ರೈಲಿನಲ್ಲಿ ಸುಮಾರು 300 ಕಿಲೋಮೀಟರ್ ಸುತ್ತಬೇಕಾಗಿತ್ತು. ಹೊಸ ಸೇತುವೆ ಬಂದದ್ದು 2020ರಲ್ಲಿ.

2024ರ ಆಗಸ್ಟಿನಲ್ಲಿ ಬಿಹಾರ ಸರ್ಕಾರ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಜಮೀನಿನ ವಿಶೇಷ ಸರ್ವೆ ಶುರುಮಾಡಿತು. ಪ್ರತಿ ರೈತನೂ ಒಂದು ಸ್ವಯಂಘೋಷಣೆ ಬರೆದುಕೊಡಬೇಕಿತ್ತು: ಖಾತಾ, ಖೇಸರಾ ಅಂದರೆ ಸರ್ವೆ ನಂಬರು, ರಕಬಾ ಅಂದರೆ ವಿಸ್ತೀರ್ಣ, ಚೌಹದ್ದಿ. ಊರು ಬಿಟ್ಟ ಗಂಡಸರು ಕಾಗದ ಹುಡುಕಲು ರಜೆ ಹಾಕಿ ವಾಪಸು ಬಂದರು. ಸೆಪ್ಟೆಂಬರ್ 28ರಂದು ಕೋಸಿ ಬ್ಯಾರೇಜಿನಿಂದ 6.61 ಲಕ್ಷ ಕ್ಯೂಸೆಕ್ ನೀರು ಬಿಡಬೇಕಾಯಿತು, 1968ರ ನಂತರದ ಅತಿ ಹೆಚ್ಚು. ದರಭಂಗಾ ಜಿಲ್ಲೆಯಲ್ಲಿ ಪಶ್ಚಿಮದ ಒಡ್ಡು ಒಡೆಯಿತು. ಒಡ್ಡುಗಳ ಒಳಗಿನವರು ಎಂದಿನಂತೆ ತಟ್ಟಿ, ತಗಡು, ಆಡು, ಬೀಜದ ಮೂಟೆಗಳನ್ನು ದೋಣಿಗೇರಿಸಿ ಒಡ್ಡಿನ ಮೇಲಕ್ಕೆ ಬಂದರು. ನೀರಿಳಿದ ಮೇಲೆ ನದಿ ಎಲ್ಲಿ ಹರಿಯುತ್ತಿದೆ ಎಂದು ಮೊದಲು ನೋಡಬೇಕು, ಆಮೇಲೆ ಗೋಧಿಗೋ ಕಲ್ಲಂಗಡಿಗೋ ಎಂದು ತೀರ್ಮಾನಿಸಬೇಕು. ಅರ್ಜಿ ನಮೂನೆಯ ಚೌಹದ್ದಿಯ ಖಾನೆಗೆ ಬರುವುದು ಅದಾದ ಮೇಲೆ.